ಫೆಬ್ರವರಿ 31 ಹಾಕಿದರೂ ಫಾರಂ ತಗೊಳ್ಳುತ್ತಿದೆ, ಹೇಗೆ ತಡೆಯೋದು?

ಆಳಂದ ಹುಡುಗ
ಇಲ್ಲಿ ಕಲಬುರಗಿಯಲ್ಲಿ ತೊಗರಿ ಬೆಳೆಗಾರರ ಒಂದು ಗುಂಪಿಗೆ ಸದಸ್ಯತ್ವದ ವೆಬ್ ಫಾರಂ ಮಾಡುತ್ತಿದ್ದೇನೆ. ಹುಟ್ಟಿದ ತಾರೀಖಿಗೆ ಒಂದೇ ಟೆಕ್ಸ್ಟ್ ಬಾಕ್ಸ್ ಇದೆ. ಒಬ್ಬರು 15-8-75 ಅಂತ ಹಾಕುತ್ತಾರೆ, ಇನ್ನೊಬ್ಬರು 15/08/1975, ಕೆಲವರು ಫೋನಿನ ಕನ್ನಡ ಕೀಬೋರ್ಡಲ್ಲೇ ೧೫-೦೮-೧೯೭೫ ಅಂತ ಒತ್ತುತ್ತಾರೆ. ಬರೆದದ್ದು ಒಂದು ಮಾದರಿಗೆ ಹೊಂದುತ್ತಾ ಅಂತ ನೋಡೋ ರೆಗೆಕ್ಸ್ ಕನ್ನಡ ಅಂಕಿಯನ್ನು ತಪ್ಪು ಅನ್ನುತ್ತೆ, 31-02-1981 ಮಾತ್ರ ಆರಾಮಾಗಿ ಒಳಗೆ ಹೋಗುತ್ತೆ. ಇನ್ನೊಂದು ತಲೆನೋವು, ಸೇವ್ ಆದ ಮೇಲೆ ನೋಡಿದರೆ ತಾರೀಖು ಒಂದು ದಿನ ಹಿಂದೆ ಇರುತ್ತೆ. ಯಾರಾದರೂ ದಾರಿ ತೋರಿಸ್ರಿ.

ಬೀದರ್ ಕೋಡ್
ರೆಗೆಕ್ಸ್ ಬರೀ ಆಕಾರ ನೋಡುತ್ತೆ, ಆ ದಿನ ಕ್ಯಾಲೆಂಡರಲ್ಲಿ ಇದೆಯಾ ಅಂತ ಅದಕ್ಕೆ ಗೊತ್ತಾಗಲ್ಲ. ಬ್ರೌಸರಲ್ಲಿ ಓಡೋ ಜಾವಾಸ್ಕ್ರಿಪ್ಟ್ ಭಾಷೆಯ ಡೇಟ್‌ಗೆ 1981ರ ಫೆಬ್ರವರಿ 31 ಅಂತ ಮೂರು ಅಂಕಿ ಕೊಟ್ಟರೆ ಎರರ್ ಬರಲ್ಲ, ಸುಮ್ನೆ ಮಾರ್ಚ್ 3 ಮಾಡಿಕೊಡುತ್ತೆ. ಅದನ್ನೇ ಪರೀಕ್ಷೆಗೆ ಬಳಸಿಕೊಳ್ಳಿ: ದಿನ, ತಿಂಗಳು, ಇಸವಿ ಬೇರೆ ಬೇರೆ ಮಾಡಿ, ಡೇಟ್ ಕಟ್ಟಿ, ಅದರಿಂದ ಮೂರನ್ನೂ ವಾಪಸ್ ತೆಗೆದು ಹೋಲಿಸಿ. ಒಂದು ಬೇರೆಯಾದರೂ ಆ ತಾರೀಖು ಸುಳ್ಳು. ಹೀಗೆ ಮಾಡಿದರೆ ಅಧಿಕ ವರ್ಷದ ಲೆಕ್ಕ, ಅಂದರೆ 1900ರಲ್ಲಿ ಫೆಬ್ರವರಿ 29 ಇಲ್ಲ, 2000ದಲ್ಲಿ ಇದೆ ಅನ್ನೋದನ್ನ ನೀವು ಬರೆಯಬೇಕಾಗಿಲ್ಲ. ತಿಂಗಳು ಅಲ್ಲಿ 0ಯಿಂದ ಶುರು, ಒಂದು ಕಳೆದು ಕೊಡಿ. ಇಸವಿ ನಾಲ್ಕು ಅಂಕಿ ಇರಲೇಬೇಕು. 05 ಅಂತ ಕೊಟ್ಟರೆ ಅದು 1905 ಅಂದುಕೊಳ್ಳುತ್ತೆ.

ಶಹಾಪುರ ಅಕ್ಕ
ಒಂದು ದಿನ ಹಿಂದೆ ಹೋಗೋದು ಟೈಮ್‌ಝೋನ್ ಸಮಸ್ಯೆ ಅನಿಸುತ್ತೆ. ನಮ್ಮ ಗಡಿಯಾರ ಯುಟಿಸಿಗಿಂತ, ಅಂದರೆ ಜಗತ್ತಿನ ಪ್ರಮಾಣ ಸಮಯಕ್ಕಿಂತ, ಐದೂವರೆ ಗಂಟೆ ಮುಂದೆ. ಇಲ್ಲಿ ಆಗಸ್ಟ್ 15 ಶುರುವಾಗೋ ರಾತ್ರಿ 12 ಅಂದರೆ ಅಲ್ಲಿ ಇನ್ನೂ 14ರ ಸಂಜೆ ಆರೂವರೆ. ಡೇಟನ್ನು ಐಎಸ್‌ಒ ಸ್ಟ್ರಿಂಗ್ (ಯುಟಿಸಿ ಸಮಯದಲ್ಲಿ ಬರೆದ ಪಠ್ಯ) ಮಾಡಿ ಅದರ ಮೊದಲ ಹತ್ತು ಅಕ್ಷರ ಕತ್ತರಿಸಿ ಇಡುತ್ತಿದ್ದೀರಿ, ಅಲ್ವಾ? ಹುಟ್ಟಿದ ತಾರೀಖಿಗೆ ಗಂಟೆ ನಿಮಿಷ ಬೇಕೇ ಇಲ್ಲ. ಇಸವಿ-ತಿಂಗಳು-ದಿನ ಅಂತ ಪಠ್ಯವಾಗಿಯೇ ಸರ್ವರಿಗೆ ಕಳಿಸಿ, ಡೇಟಾಬೇಸಿನಲ್ಲೂ ಡೇಟ್ ಕಾಲಂ ಇಡಿ, ಗಂಟೆಯೂ ಸೇರಿದ ಟೈಮ್‌ಸ್ಟ್ಯಾಂಪ್ ಬೇಡ. ಸರ್ವರಲ್ಲಿ ಇನ್ನೊಮ್ಮೆ ಪರೀಕ್ಷಿಸಲೇಬೇಕು, ಬ್ರೌಸರಿನ ಪರೀಕ್ಷೆಯನ್ನು ಯಾರು ಬೇಕಾದರೂ ದಾಟಿ ಬರಬಹುದು. ಸರ್ವರ್ ಕೋಡ್ ಪಿಎಚ್‌ಪಿ ಭಾಷೆಯದಾದರೆ ತಾರೀಖು ಪರೀಕ್ಷಿಸೋಕೆ ಚೆಕ್‌ಡೇಟ್ ಇದೆ, ಆದರೆ ಅದು ತಿಂಗಳನ್ನು ಮೊದಲು ಕೇಳುತ್ತೆ, ನೆನಪಿರಲಿ.

ಸೇಡಂ ಸ್ನೇಹಿತ
ಅಣ್ಣಾ, ಒಂದೇ ಬಾಕ್ಸ್ ಬಿಟ್ಟು ದಿನ, ತಿಂಗಳು, ಇಸವಿಗೆ ಮೂರು ಬಾಕ್ಸ್ ಮಾಡ್ರಿ. ಬ್ರೌಸರಿನ ಕ್ಯಾಲೆಂಡರ್ ಹಾಕಬೇಡಿ, 1955ರಲ್ಲಿ ಹುಟ್ಟಿದವರು ಸಣ್ಣ ಫೋನಲ್ಲಿ ಅಷ್ಟು ಹಿಂದಕ್ಕೆ ಸರಿಸಿ ಹೋಗೋದು ಬಹಳ ಕಷ್ಟ. ಕನ್ನಡ ಅಂಕಿಯನ್ನು ತಪ್ಪು ಅನ್ನಬೇಡಿ ದಯವಿಟ್ಟು, ನಮ್ಮ ಭಾಷೆಯ ಫಾರಂ ಅದು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ (ಕೋಡ್) ಕೊಡೋ ಯುನಿಕೋಡಿನಲ್ಲಿ ೦ಯಿಂದ ೯ರವರೆಗೆ ಸಾಲಾಗಿ ಇವೆ, ೦ಯ ಕೋಡ್ ಕಳೆದರೆ ಅಂಕಿ ಸಿಗುತ್ತೆ. ಆಮೇಲೆ, ನಮ್ಮ ಕಡೆ ಹಿರಿಯರ ದಾಖಲೆಯಲ್ಲಿ ಜೂನ್ 1 ಜಾಸ್ತಿ, ಶಾಲೆಗೆ ಸೇರಿಸುವಾಗ ಮಾಸ್ತರು ಬರೆಸಿದ್ದು. ಶರಣಪ್ಪ ಅನ್ನೋ ಹೆಸರು, ಜೂನ್ 1 ಎರಡೂ ಒಂದೇ ಇದೆ ಅಂತ ಇಬ್ಬರನ್ನು ಡುಪ್ಲಿಕೇಟ್ ಅಂದುಕೊಂಡು ಒಬ್ಬರನ್ನು ಕೈಬಿಡಬೇಡಿ.

ಆಳಂದ ಹುಡುಗ
ಹೌದು ಅಕ್ಕಾ, ಹತ್ತು ಅಕ್ಷರ ಕತ್ತರಿಸೋ ಸಾಲು ಕೋಡಲ್ಲಿ ಇತ್ತು, ತೆಗೆದೆ, ತಾರೀಖು ಸರಿ ಬರ್ತಿದೆ. ಮೂರು ಬಾಕ್ಸಿನ ಕೆಲಸ ಈಗ ಶುರು ಮಾಡ್ತೀನಿ. ಇಸವಿ ಮಾತ್ರ ಗೊತ್ತಿದ್ದು ದಿನ ಗೊತ್ತಿಲ್ಲದ ರೈತರೂ ಇದ್ದಾರೆ, ಅವರಿಗೆ ದಿನ, ತಿಂಗಳು ಖಾಲಿ ಬಿಡಲು ಕೊಡಲಾ?

ಶಹಾಪುರ ಅಕ್ಕ
ಕೊಡಿ. ಇಸವಿಗೆ ಬೇರೆ ಕಾಲಂ ಇಡಿ, ಖಾಲಿ ಇದ್ದದ್ದನ್ನು ಖಾಲಿಯಾಗಿಯೇ ಉಳಿಸಿ. ಜನವರಿ 1 ಅಂತ ಕೋಡ್ ತಾನೇ ತುಂಬುವುದು ಬೇಡ.