ಚಿಕ್ಕಪ್ಪ ಹಂಚಿದ ವಿಡಿಯೊ ಮತ್ತು ಕಾರಿನ ಬಾಗಿಲು

ಚಿಕ್ಕಪ್ಪ: ಈ ವಿಡಿಯೊ ನೋಡಿ. ಥಿನ್ನರ್ ಸವರಿ ಬ್ಲೇಡಿನಿಂದ ಕೆರೆದರೆ ಎರಡೇ ನಿಮಿಷದಲ್ಲಿ ಸ್ಟಿಕ್ಕರ್ ಮಾಯ. ಮಾರುವ ಮೊದಲು ನಮ್ಮ ಕಾರಿಗೂ ಹೀಗೆಯೇ ಮಾಡುತ್ತೇನೆ.

ನಾನು: ದಯವಿಟ್ಟು ಬೇಡ ಚಿಕ್ಕಪ್ಪ. ಅವರು ಕೆರೆಯುತ್ತಿರುವುದು ಗಾಜನ್ನು. ನಿಮ್ಮ ಸ್ಟಿಕ್ಕರ್ ಇರುವುದು ಬಾಗಿಲಿನ ಮೇಲೆ. ಬಣ್ಣವನ್ನು ಕಾಯುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ, ಅಂದರೆ ಒಂದು ಕೂದಲೆಳೆಯಷ್ಟು. ಬ್ಲೇಡು ಅದನ್ನು ಸೀಳುತ್ತದೆ, ಥಿನ್ನರ್ ಮೆತ್ತಗಾಗಿಸುತ್ತದೆ.

ಸೋದರಮಾವ: ಲಾರಿ ಇಟ್ಟಿದ್ದಾಗ ನಾವು ಪೆಟ್ರೋಲಿನಲ್ಲೇ ಒರೆಸುತ್ತಿದ್ದೆವು. ಏನೂ ಆಗಲಿಲ್ಲ.

ನಾನು: ಮಾವ, ಬಳ್ಳಾರಿಯ ಬಿಸಿಲಿಗೆ ಕಾದ ತಗಡಿನ ಮೇಲೆ ಪೆಟ್ರೋಲ್ ಹಾಕಿದರೆ ಅಂಟು ನೆನೆಯುವ ಮೊದಲೇ ಅದು ಆವಿಯಾಗುತ್ತದೆ. ಒಂದು ಕಿಡಿ ಸಾಕು, ಕೈಯೇ ಸುಡುತ್ತದೆ.

ಅಕ್ಕ: ಉಗುರುಬಣ್ಣ ತೆಗೆಯುವ ದ್ರವ?

ನಾನು: ಅದರಲ್ಲಿ ಅಸಿಟೋನ್ ಇದ್ದರೆ ಮುಟ್ಟಲೇಬೇಡ.

ಚಿಕ್ಕಪ್ಪ: ಎಲ್ಲದಕ್ಕೂ ಬೇಡ ಎನ್ನುತ್ತೀಯ. ಮಾಡಬೇಕಾದದ್ದು ಏನು?

ನಾನು: ಮೊದಲು ಕಾರನ್ನು ನೆರಳಿಗೆ ತನ್ನಿ, ಶಾಂಪೂ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ನೀವು ಸಂಡೂರಿನ ರಸ್ತೆಯಲ್ಲಿ ಓಡಾಡುತ್ತೀರಿ. ಅಲ್ಲಿನ ಅದಿರಿನ ಕೆಂಪು ಧೂಳು ಗಟ್ಟಿ ಕಣ. ಅದು ಮೇಲಿರುವಾಗಲೇ ಬಟ್ಟೆ ಉಜ್ಜಿದರೆ ಉಪ್ಪುಕಾಗದದಲ್ಲಿ ತಿಕ್ಕಿದಂತೆ. ಆಮೇಲೆ ಹೇರ್ ಡ್ರೈಯರನ್ನು ಸ್ವಲ್ಪ ದೂರದಲ್ಲಿ ಹಿಡಿದು ಆಡಿಸುತ್ತ ಸ್ಟಿಕ್ಕರನ್ನು ಬಿಸಿ ಮಾಡಿ. ಒಂದು ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಹಿಂದಕ್ಕೆ ಮಡಚಿಕೊಂಡು ನಿಧಾನವಾಗಿ ಎಳೆಯಿರಿ. ಹರಿದರೆ ಮತ್ತೆ ಬಿಸಿ ಮಾಡಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ನೆನೆಯಲು ಬಿಡಿ. ಮೆತ್ತಗಾದ ಮೇಲೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಎಣ್ಣೆ ಉಳಿಯದಂತೆ ತೊಳೆಯಿರಿ. ಹೋಗದಿದ್ದರೆ ಅಂಗಡಿಯಲ್ಲಿ ಸ್ಟಿಕ್ಕರ್ ಅಂಟು ತೆಗೆಯುವ ದ್ರವ ಸಿಗುತ್ತದೆ. ಮೊದಲು ಕಣ್ಣಿಗೆ ಬೀಳದ ಕಡೆ ಪರೀಕ್ಷಿಸಿ. ಆ ಬಾಗಿಲಿಗೆ ಎಂದಾದರೂ ಮರುಬಣ್ಣ ಹೊಡೆಸಿದ್ದೀರಾ? ಹೊಡೆಸಿದ್ದರೆ ಸ್ಟಿಕ್ಕರಿನ ಜೊತೆ ಬಣ್ಣವೂ ಕಿತ್ತುಬರಬಹುದು. ಆಗ ಕೆಲಸ ಬಲ್ಲವರ ಕೈಗೇ ಕೊಡಿ.

ಚಿಕ್ಕಪ್ಪ: ಇಲ್ಲ, ಕಂಪನಿಯ ಬಣ್ಣವೇ. ಗಾಜಿಗಾದರೂ ಬ್ಲೇಡು ಸರಿ ತಾನೆ?

ನಾನು: ಹೊರಗಡೆ, ಸೋಪಿನ ನೀರು ಹಚ್ಚಿ, ಹೊಸ ಬ್ಲೇಡನ್ನು ಓರೆಯಾಗಿ ಹಿಡಿದರೆ ಸರಿ. ಹಿಂದಿನ ಗಾಜಿನ ಒಳಮೈಗೆ ಮಾತ್ರ ಬೇಡ. ಮಂಜು ಕರಗಿಸುವ ತೆಳು ಗೆರೆಗಳು ಅಲ್ಲಿವೆ. ಒಂದು ತುಂಡಾದರೂ ಆ ಗೆರೆ ಕೆಲಸ ಮಾಡುವುದಿಲ್ಲ.

ಸೋದರಮಾವ: ಸ್ಟಿಕ್ಕರ್ ಹೋದರೂ ಅದರ ಆಕಾರ ಎದ್ದು ಕಾಣುತ್ತದಲ್ಲ? ಕೊಳ್ಳುವವರು ಬೆಲೆ ಇಳಿಸುತ್ತಾರೆ.

ನಾನು: ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಅಡಿಯಲ್ಲಿದ್ದದ್ದು ಮಾಸಿರುವುದಿಲ್ಲ, ಅದಕ್ಕೆ ಹಾಗೆ ಕಾಣುತ್ತದೆ. ಪಾಲಿಶ್ ಮಾಡಿದರೆ ಬಹುಮಟ್ಟಿಗೆ ತಗ್ಗುತ್ತದೆ. ಬ್ಲೇಡಿನ ಆಳವಾದ ಗೀರು ಪಾಲಿಶಿಗೆ ಬಗ್ಗುವುದಿಲ್ಲ, ಬಾಗಿಲಿಗೆ ಬಣ್ಣ ಹೊಡೆಸಬೇಕಾಗುತ್ತದೆ.

ಚಿಕ್ಕಪ್ಪ: ಆಯಿತು, ವಿಡಿಯೊ ಅಳಿಸುತ್ತೇನೆ. ಭಾನುವಾರ ಹೇರ್ ಡ್ರೈಯರ್ ತೆಗೆದುಕೊಂಡು ನೀನೇ ಬಾ.