ಮಕ್ಕಳ ಗುಂಪಿನ ಜೊತೆ ಸುಪ್ರೀಂ ಕೋರ್ಟಿಗೆ ಹೋದವರು ಇದ್ದೀರಾ? ದಯವಿಟ್ಟು ಅನುಭವ ಹೇಳಿ

ಚಿಂಚವಾಡದ ಅಮ್ಮ (ಕೇಳಿದವರು)

ನಮಸ್ಕಾರ. ನಾವು ವಿಜಯಪುರದ ಕಡೆಯವರು, ಪುಣೆಗೆ ಬಂದು ಹದಿಮೂರು ವರ್ಷ ಆಯಿತು. ಕೊರೊನಾ ಹೊತ್ತಿಗೆ ಮನೆಯವರ ಕೆಲಸ ಹೋಯಿತು. ಮಗನನ್ನು ಊರಲ್ಲಿ ಅಜ್ಜಿ ಹತ್ತಿರ ಬಿಟ್ಟೆವು. ಹತ್ತನೇ ತರಗತಿ ಅಲ್ಲೇ ಮುಗಿಸಿದ. ಆಮೇಲೆ ಹನ್ನೊಂದು, ಹನ್ನೆರಡು ಪುಣೆಯಲ್ಲೇ. ಡೊಮಿಸೈಲ್ (ಇಲ್ಲಿನ ವಾಸಿ ಅನ್ನುವ ಪ್ರಮಾಣಪತ್ರ) ಕೂಡ ಇದೆ. ಆದರೆ ಮೆಡಿಕಲ್‌ಗೆ ರಾಜ್ಯದ 85% ಕೋಟಾ ಸಿಗುತ್ತಿಲ್ಲ. ಹತ್ತನೇ, ಹನ್ನೆರಡನೇ ಎರಡೂ ಮಹಾರಾಷ್ಟ್ರದಲ್ಲೇ ಆಗಿರಬೇಕಂತೆ. ಕರ್ನಾಟಕದಲ್ಲಿ ಕೇಳಿದರೆ ಏಳು ವರ್ಷ ಅಲ್ಲಿ ಓದಿರಬೇಕು ಅನ್ನುತ್ತಾರೆ. ಅವನು ಎರಡೂ ಕಡೆ ಇಲ್ಲದವನಾದ.

ಇವನ ಥರದ 17 ಮಕ್ಕಳು ಗುಂಪು ಮಾಡಿಕೊಂಡಿದ್ದಾರೆ. ದೆಹಲಿಯ ವಕೀಲರೊಬ್ಬರು ಸಂವಿಧಾನದ 32ನೇ ವಿಧಿಯಲ್ಲಿ ನೇರ ಸುಪ್ರೀಂ ಕೋರ್ಟಿಗೆ ಹಾಕೋಣ, ತಲೆಗೆ 40 ಸಾವಿರ ಅಂದಿದ್ದಾರೆ. ಸೇರಿಸಲೋ ಬೇಡವೋ? ಅರ್ಜಿಯಲ್ಲಿ ಹೆಸರು ಬಂದರೆ ಮುಂದೆ ಕಾಲೇಜಿನಲ್ಲಿ ತೊಂದರೆ ಆಗುತ್ತದಾ? ಭಾನುವಾರ ಹೇಳಬೇಕು.

ಡೊಂಬಿವಲಿ ಪೂರ್ವದ ಅಪ್ಪ

40 ಸಾವಿರಕ್ಕೆ ಮುಗಿಯುತ್ತದೆ ಅಂತ ನಂಬಬೇಡಿ. ನಾನು ಎಲ್ಲ ಬರೆದಿಟ್ಟಿದ್ದೇನೆ, ಆ ನೋಟ್‌ಬುಕ್ ನೋಡಿಕೊಂಡೇ ಟೈಪ್ ಮಾಡುತ್ತಿದ್ದೇನೆ.

ನನ್ನ ಮಗ 2024ರ ನೀಟ್ ಬರೆದವನು. ಮೇ 5ಕ್ಕೆ ಪರೀಕ್ಷೆ, ಜೂನ್ 4ಕ್ಕೆ ಫಲಿತಾಂಶ. 638 ಬಂತು. ಹಿಂದಿನ ವರ್ಷವಾಗಿದ್ದರೆ ಆ ಅಂಕಕ್ಕೆ ಸರ್ಕಾರಿ ಸೀಟು. ಆ ವರ್ಷ 67 ಮಕ್ಕಳಿಗೆ 720ಕ್ಕೆ 720! ಒಂಬತ್ತು ಮನೆಯವರು ಸೇರಿ ಅರ್ಜಿ ಹಾಕಿದೆವು. ಲೆಕ್ಕ ಹೀಗಿದೆ. ಅರ್ಜಿ ಬರೆದು ದಾಖಲು ಮಾಡಿದ ವಕೀಲರಿಗೆ 90,000. ಹಿರಿಯ ವಕೀಲರ ಹತ್ತಿರ ಒಂದು ಗಂಟೆ ಕೂತಿದ್ದಕ್ಕೆ 75,000. ಅವರು ಒಂದು ದಿನ ಬಂದು ನಿಂತಿದ್ದಕ್ಕೆ 2,20,000. ಕೋರ್ಟ್ ಫೀ ಒಬ್ಬ ಅರ್ಜಿದಾರನಿಗೆ 500ರಂತೆ 4,500. ಹೌದು, ಕೋರ್ಟ್ ತೆಗೆದುಕೊಳ್ಳುವುದು ಅಷ್ಟೇ. ನೋಟರಿ 2,700. ಪ್ರಶ್ನೆಪತ್ರಿಕೆ ಸೋರಿಕೆ ಬಗ್ಗೆ ಪಟ್ನಾದಲ್ಲಾದ ಎಫ್‌ಐಆರ್ ಹಿಂದಿಯಲ್ಲಿತ್ತು, ಅದೂ ಇದೂ ಇಂಗ್ಲಿಷ್ ಮಾಡಿಸಲು 14,400. ಜೆರಾಕ್ಸ್, ಬೈಂಡಿಂಗ್ 11,340. ಒಟ್ಟು 4,17,940. ಒಂಬತ್ತು ಮನೆಗೆ 46,438 ಬೀಳಬೇಕಿತ್ತು. ಇಬ್ಬರು ಮಧ್ಯದಲ್ಲಿ ಕೈ ಎತ್ತಿದರು. ಏಳು ಮನೆಗೆ 59,706 ಆಯಿತು. ರಾಜಧಾನಿ ಟಿಕೆಟ್, ಕರೋಲ್ ಬಾಗ್‌ನಲ್ಲಿ ರಾತ್ರಿಗೆ 1,400ರ ರೂಮು, ಸಂಬಳ ಕಡಿತವಾದ ಎಂಟು ದಿನ, ಇದೆಲ್ಲ ಬೇರೆ.

ಡೈರಿ ನಂಬರ್ (ಅರ್ಜಿ ಸಲ್ಲಿಸಿದಾಗ ಕೊಡುವ ನಂಬರ್) ಸಿಕ್ಕಿತು ಅಂತ ಪೇಢೆ ಹಂಚಿದೆವು. ಮರುದಿನವೇ ಕೋರ್ಟಿನ ಕಚೇರಿ ರಿಜಿಸ್ಟ್ರಿಯಿಂದ ಡಿಫೆಕ್ಟ್, ಅಂದರೆ ಅರ್ಜಿಯಲ್ಲಿ ದೋಷ ಇದೆ ಅಂತ ಬಂತು. ಓಎಂಆರ್ ಹಾಳೆಯ (ಗುಂಡು ತುಂಬುವ ಉತ್ತರ ಪತ್ರಿಕೆ) ಪ್ರತಿ ಮಸುಕಾಗಿದೆ, ಓದಲು ಬರುವಂತೆ ಟೈಪ್ ಮಾಡಿ ಕೊಡಿ ಅಂತ. 200 ಪ್ರಶ್ನೆ, ಪ್ರತಿ ಪ್ರಶ್ನೆಗೆ ನಾಲ್ಕು ಸೊನ್ನೆ, ಅದರಲ್ಲಿ ಒಂದು ಕಪ್ಪು. ಒಂಬತ್ತು ಮಕ್ಕಳದ್ದು. ವಕೀಲರ ಕಚೇರಿ ಕೆಳಗಿನ ಟೈಪಿಂಗ್ ಅಂಗಡಿಯಲ್ಲಿ ರಾತ್ರಿ ಎರಡೂವರೆಗೆ ನಾನು ನಂಬರ್ ಹೇಳುತ್ತಿದ್ದೆ, ಹುಡುಗ ಒತ್ತುತ್ತಿದ್ದ. ನನ್ನ ಮಗನ ಹಾಳೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ.

ಕೊನೆಗೆ ಏನಾಯಿತು? ನಮ್ಮದನ್ನು ಉಳಿದ ಎಲ್ಲದರ ಜೊತೆ ಸೇರಿಸಿದರು. ನಮ್ಮ ಹಿರಿಯ ವಕೀಲರು ಒಂದು ಮಾತೂ ಆಡಲಿಲ್ಲ. ಫಿಸಿಕ್ಸ್‌ನ ಒಂದು ಪ್ರಶ್ನೆಗೆ ಎರಡು ಉತ್ತರ ಸರಿ ಅಂತ ಅಂಕ ಕೊಟ್ಟಿದ್ದರು. ಅದನ್ನು ಎತ್ತಿದ್ದೂ ನಮ್ಮ ಥರ ಅರ್ಜಿ ಹಾಕಿದವರೇ. ಕೋರ್ಟು ದೆಹಲಿ ಐಐಟಿಯ ಮೂವರು ತಜ್ಞರನ್ನು ಕೇಳಿತು. ನಾಲ್ಕನೇ ಆಯ್ಕೆ ಒಂದೇ ಸರಿ ಅಂದರು. ಹಳೇ ಎನ್‌ಸಿಇಆರ್‌ಟಿ ಪುಸ್ತಕ ನಂಬಿ ಎರಡನೇದು ತುಂಬಿದ್ದ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಐದೈದು ಅಂಕ ಹೋಯಿತು. ನನ್ನ ಮಗನೂ ಅದರಲ್ಲೊಬ್ಬ. 638 ಇದ್ದದ್ದು 633 ಆಯಿತು. ಜುಲೈ 23ಕ್ಕೆ ಮರುಪರೀಕ್ಷೆ ಇಲ್ಲ ಎಂದು ತೀರ್ಪು. 59,706 ಕೊಟ್ಟು ಐದು ಅಂಕ ಕಳೆದುಕೊಂಡು ಮನೆಗೆ ಬಂದೆ.

ಕಲ್ಯಾಣದ ಅಕ್ಕ

'ಕೈ ಎತ್ತಿದ ಇಬ್ಬರಲ್ಲಿ' ಒಬ್ಬರು ನಾವು. ಇಲ್ಲಿ ಹೀಗೆ ಬರೆಯುತ್ತೀರಿ ಅಂದುಕೊಂಡಿರಲಿಲ್ಲ, ಅಣ್ಣ. ನಾವು ಮೊದಲ ಕಂತು 20,000 ಕೊಟ್ಟಿದ್ದೆವು. ಅದನ್ನು ನಿಮ್ಮ ನೋಟ್‌ಬುಕ್‌ನಲ್ಲಿ ಬರೆದಿಲ್ವಾ? ಬಿಟ್ಟದ್ದು ಯಾಕೆ ಅಂತ ಆಗಲೇ ಹೇಳಿದ್ದೆ. ಮೊದಲು ಕೆಲವರಿಗೆ ಹೆಚ್ಚುವರಿಯಾಗಿ ಕೊಟ್ಟ ಗ್ರೇಸ್ ಅಂಕದ ಬಗ್ಗೆ ಮಾತ್ರ ಕೇಳೋಣ ಅಂತ ಆಗಿತ್ತು. ಆಮೇಲೆ ಪೂರ್ತಿ ಪರೀಕ್ಷೆ ರದ್ದು ಮಾಡಿ ಅಂತ ಸೇರಿಸಿದರು. ನನ್ನ ಮಗಳಿಗೆ 661 ಇತ್ತು. ಎರಡು ವರ್ಷ ಬೆಳಿಗ್ಗೆ ನಾಲ್ಕಕ್ಕೆ ಎದ್ದ ಮಗು. ಮತ್ತೆ ಬರೆ ಅಂತ ನಾನೇ ದುಡ್ಡು ಕೊಟ್ಟು ಕೇಳಬೇಕಿತ್ತಾ?

ಚಿಂಚವಾಡದ ಅಕ್ಕ, ಇದೊಂದು ಕೇಳಿ. ಅರ್ಜಿಯ ಕೊನೆಯಲ್ಲಿ ಕೋರ್ಟಿನಿಂದ ಏನು ಬೇಕು ಅನ್ನುವುದನ್ನು 'ಪ್ರಾರ್ಥನೆ' ಅಂತ ಬರೆಯುತ್ತಾರಲ್ಲ, ಅದನ್ನು ಪದ ಪದ ಓದಿಸಿಕೊಂಡು ಆಮೇಲೆ ಸಹಿ ಮಾಡಿ.

ಡೊಂಬಿವಲಿ ಪೂರ್ವದ ಅಪ್ಪ

20,000 ಬರೆದಿದೆ. ಅದನ್ನು ಕಳೆದ ಮೇಲೂ ಉಳಿದವರ ಮೇಲೆ ಬಿದ್ದ ಹೊರೆ ಬಿದ್ದದ್ದೇ. ನಿಮ್ಮ ಮಗಳು ನಾಲ್ಕನೇ ಆಯ್ಕೆ ತುಂಬಿದ್ದಳು, ಅವಳ ರ‍್ಯಾಂಕ್ ಮೇಲೆ ಹೋಯಿತು. ನಮ್ಮ ಕೇಸಿನ ಫಲ ತಿಂದವರು ನೀವು.

ಕಲ್ಯಾಣದ ಅಕ್ಕ

ಅವಳು ಓದಿ ತುಂಬಿದಳು. ಯಾರ ಫಲವೂ ಅಲ್ಲ.

ಠಾಣೆ, ವಕೀಲರ ಕಚೇರಿಯಲ್ಲಿ ಕ್ಲರ್ಕ್

ಜಗಳ ಆಮೇಲೆ ಮಾಡಿ. ನಾನು ಮುಂಬೈನ ಫೋರ್ಟ್‌ನಲ್ಲಿ ಇಪ್ಪತ್ತೆರಡು ವರ್ಷದಿಂದ ಫೈಲು ಹೊರುತ್ತಿದ್ದೇನೆ. 32ನೇ ವಿಧಿ ಅಂತ ನೇರ ದೆಹಲಿಗೆ ಓಡಿದವರು ಎಷ್ಟೋ ಜನ ಎರಡು ನಿಮಿಷದಲ್ಲಿ ವಾಪಸ್ ಬಂದಿದ್ದಾರೆ. 'ಹೈಕೋರ್ಟಿಗೆ ಯಾಕೆ ಹೋಗಲಿಲ್ಲ?' ಅದೊಂದೇ ಪ್ರಶ್ನೆ. ಅರ್ಜಿ ಹಿಂಪಡೆದು, ಹೈಕೋರ್ಟಿಗೆ ಹೋಗಲು ಅನುಮತಿ ತೆಗೆದುಕೊಂಡು ಬರುವುದು. ಅಷ್ಟರಲ್ಲಿ ಮೊದಲ ಸುತ್ತಿನ ಸೀಟು ಹಂಚಿಕೆ ಮುಗಿದಿರುತ್ತದೆ. ಹೈಕೋರ್ಟಿಗೆ 226ನೇ ವಿಧಿಯ ಅಧಿಕಾರ ಇನ್ನೂ ಅಗಲ.

ನನ್ನ ಮಗಳದ್ದೇ ಹೇಳುತ್ತೇನೆ. 2021ರಲ್ಲಿ ಹತ್ತನೇ ಮುಗಿಸಿದಳು, ಐಸಿಎಸ್‌ಇ. ಹನ್ನೊಂದನೇ ಪ್ರವೇಶಕ್ಕೆ ಸಿಇಟಿ ಅಂತ ಸರ್ಕಾರ ಮೇ ಕೊನೆಗೆ ಜಿಆರ್ (ಸರ್ಕಾರಿ ಆದೇಶ) ಹೊರಡಿಸಿತು. ಅದೂ ರಾಜ್ಯ ಬೋರ್ಡಿನ ಪಠ್ಯದ ಮೇಲೆ. ಮಗು ಊಟ ಬಿಟ್ಟು ಹೊಸ ಪುಸ್ತಕ ಹಿಡಿದು ಕೂತಿತು. ಅವಳ ಥರದ ಒಬ್ಬ ವಿದ್ಯಾರ್ಥಿನಿ ಬಾಂಬೆ ಹೈಕೋರ್ಟಿಗೆ ಹೋದಳು. ಆಗಸ್ಟ್ 10ಕ್ಕೆ ಜಿಆರ್ ರದ್ದಾಯಿತು, ಪರೀಕ್ಷೆ ಇದ್ದದ್ದು 21ಕ್ಕೆ. ಆ ದಿನ ನಾನು ಕಚೇರಿಯಿಂದ ಮನೆಗೆ ಫೋನ್ ಮಾಡಿ ಪುಸ್ತಕ ಮುಚ್ಚಿಡು ಅಂದೆ. ಅವಳು ಅತ್ತಳು.

ಇನ್ನೊಂದು ಮಾತು. 2024ರ ಮಾರ್ಚ್‌ನಲ್ಲಿ ಇದೇ ಹತ್ತನೇ, ಹನ್ನೆರಡನೇ ನಿಯಮದ ಮೇಲೆ ಬಿಎಸ್‌ಎಫ್ ನೌಕರರ ಮಗನೊಬ್ಬ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದಾನೆ. ಅಪ್ಪನ ವರ್ಗಾವಣೆಯಿಂದ ಹೊರಗೆ ಓದಿದ್ದ. ಗೆದ್ದರೂ ಸೀಟು ಸಿಕ್ಕಿದ್ದು ಮುಂದಿನ ವರ್ಷಕ್ಕೆ. ಅವನೂ ಮೊದಲು ಹೈಕೋರ್ಟಿಗೆ ಹೋಗಿಯೇ ಬಂದವನು.

ಮುಲುಂಡ್, 2020ರ ಬ್ಯಾಚ್

ಹೈಕೋರ್ಟ್ ಹೈಕೋರ್ಟ್ ಅನ್ನುತ್ತೀರಲ್ಲ ಸರ್, ನಮ್ಮದು ಇಡೀ ದೇಶದ ವಿಷಯ ಆಗಿತ್ತು. ಪದವಿಯ ಕೊನೇ ವರ್ಷದ ಪರೀಕ್ಷೆ ಸೆಪ್ಟೆಂಬರ್ 30ರೊಳಗೆ ಮಾಡಲೇಬೇಕು ಅಂತ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಜುಲೈ 6ಕ್ಕೆ ಹೇಳಿತು. ಮಹಾರಾಷ್ಟ್ರ ಅದಕ್ಕೂ ಮೊದಲೇ ಪರೀಕ್ಷೆ ಬೇಡ ಅಂದಿತ್ತು. ಶಿವಸೇನೆಯ ಯುವ ಘಟಕ ಯುವಸೇನೆಯೂ ಸುಪ್ರೀಂ ಕೋರ್ಟಿಗೆ ಹೋಯಿತು, ಬೇರೆ ಬೇರೆ ರಾಜ್ಯದ 31 ವಿದ್ಯಾರ್ಥಿಗಳೂ ಹೋದರು. ನಾವು ಮುಂಬೈನ ಹನ್ನೆರಡು ಮಂದಿ ಅದರಲ್ಲಿ ಸೇರಿಸಿಕೊಳ್ಳಿ ಅಂತ ಅರ್ಜಿ ಕೊಟ್ಟೆವು. ತಲೆಗೆ 1,200 ರೂಪಾಯಿ. ವಕೀಲರು ಫೀ ತೆಗೆದುಕೊಳ್ಳಲಿಲ್ಲ. 59 ಸಾವಿರದ ಕಥೆ ಎಲ್ಲರದ್ದೂ ಅಲ್ಲ.

ನಮ್ಮದು ಚಾಳಿನ 10 ಬೈ 10 ಖೋಲಿ. ಐದು ಜನ. ಅಪ್ಪ ಆಗ ಆಸ್ಪತ್ರೆ ಕ್ಯಾಂಟೀನ್‌ನಲ್ಲಿ ಕೆಲಸಕ್ಕಿದ್ದರು, ಮನೆಗೆ ಬಂದು ಬಾಗಿಲ ಹೊರಗೇ ಮಲಗುತ್ತಿದ್ದರು. ವಿಚಾರಣೆ ವಿಡಿಯೋದಲ್ಲಿ. ನಮಗೆ ಲಿಂಕ್ ಇರಲಿಲ್ಲ, ವಕೀಲರು ತಮ್ಮ ಫೋನನ್ನು ಸ್ಪೀಕರ್ ಹತ್ತಿರ ಹಿಡಿದಿದ್ದರು. ನಾನು ಗ್ಯಾಸ್ ಕಟ್ಟೆ ಕೆಳಗೆ ಕೂತು ಒಂದು ಕಿವಿ ಮುಚ್ಚಿಕೊಂಡು ಕೇಳಿದೆ. ಪಕ್ಕದ ಮನೆ ಕುಕ್ಕರ್ ಸೀಟಿಗೆ ಎರಡು ಮಾತು ತಪ್ಪಿಹೋಯಿತು. ಆ ಎರಡು ಮಾತು ಏನಿತ್ತೋ ಅಂತ ಈಗಲೂ ಅನಿಸುತ್ತದೆ.

ಆಗಸ್ಟ್ 28ಕ್ಕೆ ತೀರ್ಪು. ಪರೀಕ್ಷೆ ಇಲ್ಲದೆ ಪದವಿ ಕೊಡುವಂತಿಲ್ಲ, ಆದರೆ ರಾಜ್ಯಗಳು ಗಡುವು ಮುಂದೆ ಹಾಕಲು ಯುಜಿಸಿಯನ್ನು ಕೇಳಬಹುದು ಅಂದರು. ಸೋತೆವು ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಪರೀಕ್ಷೆ ಅಕ್ಟೋಬರ್‌ಗೆ ಹೋಯಿತು, ಮನೆಯಿಂದಲೇ ಬರೆದೆವು. ನಾವು ಸುಮ್ನೆ ಕೂತಿದ್ದರೆ ಲೋಕಲ್ ಇಲ್ಲದ ಊರಲ್ಲಿ ಸೆಂಟರಿಗೆ ನಡೆದು ಹೋಗಬೇಕಾಗುತ್ತಿತ್ತೋ ಏನೋ. ಹೆಸರಿನ ವಿಷಯ: ಅರ್ಜಿಯಲ್ಲಿ ನನ್ನ ಹೆಸರಿತ್ತು. ಕೆಲಸಕ್ಕೆ ಸೇರುವಾಗ ಯಾರೂ ಕೇಳಲಿಲ್ಲ.

ವಾಸ್ಕೊ, ಕಾನೂನು ವಿದ್ಯಾರ್ಥಿನಿ

ಇಷ್ಟೆಲ್ಲ ದುಡ್ಡಿನ ಮಾತು ಓದಿ ಬೇಜಾರಾಯಿತು. ಮುಂಬೈನಲ್ಲಿ ಮೆಟ್ರೊ ಶೆಡ್‌ಗೆ ಅಂತ ಆರೆ ಕಾಡಿನ ಮರ ಕಡಿಯುವಾಗ ವಿದ್ಯಾರ್ಥಿಗಳ ಗುಂಪು ಮಾಡಿದ್ದೇನು? ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ. 2019ರ ಅಕ್ಟೋಬರ್ 6, ಭಾನುವಾರ. ದಸರಾ ರಜೆ ನಡೆದಿತ್ತು. ಮರುದಿನವೇ ವಿಶೇಷ ಪೀಠ ಕೂತು ಇನ್ನು ಮರ ಕಡಿಯಬೇಡಿ ಅಂದಿತು. ಅದನ್ನು ಓದಿದ್ದಕ್ಕೇ ನಾನು ಕಾನೂನಿಗೆ ಸೇರಿದ್ದು. ನಮ್ಮ ಹಾಸ್ಟೆಲ್ ವಿಷಯಕ್ಕೆ ಒಂಬತ್ತು ಜನ ಸೇರಿ ನಾವೂ ಪತ್ರ ಬರೆದೆವು. ಉತ್ತರ ಬರಲಿಲ್ಲ, ಸ್ವೀಕರಿಸಿದ ನಂಬರ್ ಮಾತ್ರ ಬಂತು. ಆ ಚೀಟಿ ಇವತ್ತಿಗೂ ನನ್ನ ಹತ್ತಿರ ಇದೆ.

ಉಚಿತ ಕಾನೂನು ನೆರವು ಯಾರೂ ಯಾಕೆ ಹೇಳುತ್ತಿಲ್ಲ? ಹೆಣ್ಣುಮಕ್ಕಳು, 18 ತುಂಬದವರು, ಎಸ್‌ಸಿ, ಎಸ್‌ಟಿ ಆದರೆ ಆದಾಯ ನೋಡುವುದೇ ಇಲ್ಲ. ಉಳಿದವರಿಗೆ ಸುಪ್ರೀಂ ಕೋರ್ಟಿನಲ್ಲಿ ವರ್ಷಕ್ಕೆ 5 ಲಕ್ಷದ ಮಿತಿ.

ಠಾಣೆ, ವಕೀಲರ ಕಚೇರಿಯಲ್ಲಿ ಕ್ಲರ್ಕ್

ಆರೆ ವಿಷಯ ಪೂರ್ತಿ ಹೇಳಮ್ಮ. ಹೈಕೋರ್ಟು ಅಕ್ಟೋಬರ್ 4ಕ್ಕೆ ಅರ್ಜಿ ವಜಾ ಮಾಡಿತು, ಅದೇ ರಾತ್ರಿ ಗರಗಸ ಬಂತು. ಪತ್ರಕ್ಕೆ ಆದೇಶ ಬರುವಷ್ಟರಲ್ಲಿ 2,141 ಮರ ಬಿದ್ದಾಗಿತ್ತು. ಬೇಕಾದಷ್ಟು ಕಡಿದಾಯಿತು ಅಂತ ಸರ್ಕಾರದವರೇ ಕೋರ್ಟಿನಲ್ಲಿ ಹೇಳಿದರು.

ಮುಲುಂಡ್, 2020ರ ಬ್ಯಾಚ್

ಮರ ಕಡಿಯುವುದನ್ನು ತಡೆಯಲು ಹೋಗಿ ಬಂಧಿತರಾದವರಲ್ಲಿ ಯಾರಾದರೂ ಇನ್ನೂ ಒಳಗಿದ್ದರೆ ಬಿಡಿ ಅಂತಲೂ ಅದೇ ಆದೇಶದಲ್ಲಿತ್ತು ಸರ್. ಬಂಧಿತರಲ್ಲಿ ಒಬ್ಬಳು ನನ್ನ ಕ್ಲಾಸ್‌ಮೇಟ್. ಮರ ಎಣಿಸುವಾಗ ಅವರನ್ನೂ ಎಣಿಸಿ.

ಕೊಥ್ರೂಡ್, ನಿಪ್ಪಾಣಿ ಮೂಲ

ಇಷ್ಟು ಸುತ್ತಾಡುವುದು ಯಾಕೆ? ಮಹಾರಾಷ್ಟ್ರ ತನ್ನದು ಅನ್ನುವ 865 ಊರುಗಳ ಮಕ್ಕಳಿಗೆ ಬೇರೆ ದಾರಿಯೇ ಇದೆ. ಹತ್ತನೇ ಅಲ್ಲಿ ಓದಿ, ಮಾತೃಭಾಷೆ ಮರಾಠಿ ಅಂತ ಪ್ರಮಾಣಪತ್ರ ಕೊಟ್ಟರೆ ಇಲ್ಲಿ ಸೀಟು. ನನ್ನ ಮಗನಿಗೆ ಎಂಜಿನಿಯರಿಂಗ್ ಹಾಗೇ ಆಯಿತು. ನಮ್ಮ ಮನೆಯಲ್ಲಿ ಎರಡೂ ಭಾಷೆ ಆಡುತ್ತೇವೆ. ಮಗನ ಅಮ್ಮ ಮರಾಠಿ, ನಾನು ಕನ್ನಡ.

ಡೊಂಬಿವಲಿ ಪೂರ್ವದ ಅಪ್ಪ

ಒಂದು ಸೀಟಿಗೆ ಭಾಷೆ ಬದಲಿಸಿದಿರಿ. ಇದನ್ನು ಕನ್ನಡದವರ ನಡುವೆ ಬಂದು ಹೇಳುತ್ತೀರಲ್ಲ!

ಕೊಥ್ರೂಡ್, ನಿಪ್ಪಾಣಿ ಮೂಲ

ಬದಲಿಸಲಿಲ್ಲ. ನನ್ನ ಹೆಂಡತಿಯ ಭಾಷೆ ಅದು, ಮಗ ಮೊದಲು ಆಡಿದ ಮಾತೂ ಅದೇ. ಡೊಂಬಿವಲಿಯಲ್ಲಿ ಕೂತು ಗಡಿಯವರಿಗೆ ಪಾಠ ಹೇಳಬೇಡಿ. ಗಡಿ ಬಗ್ಗೆ 2004ರಲ್ಲಿ ಹಾಕಿದ ದಾವೆ ಅದೇ ಸುಪ್ರೀಂ ಕೋರ್ಟಿನಲ್ಲಿ ಇನ್ನೂ ಮುಗಿದಿಲ್ಲ. ಅದು ಹಾಕಿದಾಗ ನನ್ನ ಮಗ ಹುಟ್ಟಿಯೇ ಇರಲಿಲ್ಲ. ಅವನು ಕಾಯಬೇಕಿತ್ತಾ?

ಕಲ್ಯಾಣದ ಅಕ್ಕ

ನಿಪ್ಪಾಣಿಯವರು ಹೇಳಿದ್ದು ಸರಿ ಇದೆ. ಮಗುವಿನ ವಯಸ್ಸು ಕಾಯುವುದಿಲ್ಲ. ಆದರೆ ಅಣ್ಣ, ವಿಜಯಪುರ ಆ ಪಟ್ಟಿಯಲ್ಲಿ ಇಲ್ಲ. ಆಕೆಗೆ ಏನು ಉಪಯೋಗ?

ಚಿಂಚವಾಡದ ಅಮ್ಮ (ಕೇಳಿದವರು)

ಎಲ್ಲರಿಗೂ ಧನ್ಯವಾದ. ರಾತ್ರಿ ಮಗನೂ ಕೂತು ಓದಿದ. ಓಎಂಆರ್ ಟೈಪ್ ಮಾಡಿಸಿದ ಭಾಗ ಎರಡು ಸಲ ಓದಿದ. ಮನೆಯವರನ್ನು ಕೆಲಸದಿಂದ ತೆಗೆದಾಗ ಬಂದ ಪತ್ರ ಹುಡುಕಿ ಇಟ್ಟಿದ್ದೇನೆ, ನಾವು ಖುಷಿಗೆ ಊರಿಗೆ ಕಳಿಸಿದ್ದಲ್ಲ ಅಂತ ತೋರಿಸಲು. ಹೈಕೋರ್ಟಿನ ಒಬ್ಬ ವಕೀಲರನ್ನು ಶನಿವಾರ ನೋಡುತ್ತೇವೆ. ಗುಂಪಿನಲ್ಲಿ ಆರು ಮಕ್ಕಳು ದೆಹಲಿಗೇ ಹೋಗೋಣ ಅಂತ ಹಟ ಹಿಡಿದಿದ್ದಾರೆ, ಬಹುಶಃ ಗುಂಪು ಒಡೆಯುತ್ತದೆ.

ಹತ್ತನೇ ತರಗತಿಯ ವ್ಯಾಸಂಗ ಪ್ರಮಾಣಪತ್ರ ಕನ್ನಡದಲ್ಲಿದೆ. ಮುಖ್ಯೋಪಾಧ್ಯಾಯರು ಕೈಯಲ್ಲೇ ಬರೆದದ್ದು. ಪುಣೆಯಲ್ಲಿ ಕನ್ನಡದಿಂದ ಇಂಗ್ಲಿಷ್ ಮಾಡಿ ಅಫಿಡವಿಟ್ ಕೊಡುವವರು ಯಾರಾದರೂ ಗೊತ್ತಾ?

ಡೊಂಬಿವಲಿ ಪೂರ್ವದ ಅಪ್ಪ

ನನಗೆ ಕಳಿಸಿ. ನಾನೇ ಮಾಡಿಕೊಡುತ್ತೇನೆ, ಅಫಿಡವಿಟ್‌ಗೂ ಸಹಿ ಹಾಕುತ್ತೇನೆ. ದುಡ್ಡು ಬೇಡ. ಆದರೆ ಅಕ್ಷರ ಸ್ಪಷ್ಟ ಇರುವ ಪ್ರತಿ ಕಳಿಸಿ. ಫೋನಿನಲ್ಲಿ ತೆಗೆದದ್ದು ಬೇಡ, ಸ್ಕ್ಯಾನ್ ಮಾಡಿಸಿ.