‘ಸ್ವಯಂಚಾಲಿತ ಫಿರಂಗಿ’ ಸರಿಯಾದ ಪದವೇ?

ಎಲ್ಲರಿಗೂ ನಮಸ್ಕಾರ,

ಫಿರಂಗಿಗಳ ಬಗ್ಗೆ ಒಂದು ಲೇಖನ ಬರೆಯುತ್ತಾ ಎರಡು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ತನ್ನದೇ ಎಂಜಿನ್ನಿನಿಂದ ಓಡಾಡುವ ‘ಸೆಲ್ಫ್ ಪ್ರೊಪೆಲ್ಡ್’ ಫಿರಂಗಿ ಒಂದು. ಲಾರಿಯ ಹಿಂದೆ ಕಟ್ಟಿ ಎಳೆಯುವ ‘ಟೋಡ್’ ಫಿರಂಗಿ ಇನ್ನೊಂದು.

ಮೊದಲನೆಯದಕ್ಕೆ ‘ಸ್ವಯಂಚಾಲಿತ ಫಿರಂಗಿ’ ಅಂತ ಬರೆಯುವುದುಂಟು. ನನಗೆ ಇದು ಒಪ್ಪಿಗೆಯಿಲ್ಲ. ಸ್ವಯಂಚಾಲಿತ ಬಾಗಿಲು, ಸ್ವಯಂಚಾಲಿತ ಬಂದೂಕು ಅಂದರೆ ಕೆಲಸ ತಾನಾಗಿಯೇ ನಡೆಯುತ್ತದೆ ಅಂತ ಅರ್ಥ. ದಕ್ಷಿಣ ಕೊರಿಯಾದ ಕೆ9 ತನ್ನ ಚೈನುಗಳ ಮೇಲೆ ತಾನೇ ಓಡುತ್ತದೆ, ನಿಜ. ಆದರೆ ಅದನ್ನು ನಡೆಸಲು ಒಳಗೆ ಐದು ಜನ ಬೇಕು. ಸ್ವೀಡನ್ನಿನ ಆರ್ಚರ್‌ನಲ್ಲಾದರೆ ಗುಂಡು ತುಂಬುವುದೂ ಯಂತ್ರವೇ, ಸಿಬ್ಬಂದಿ ಕ್ಯಾಬಿನ್ ಬಿಟ್ಟು ಇಳಿಯುವುದೇ ಇಲ್ಲ. ಆ ತುಂಬುವ ಯಂತ್ರಕ್ಕೆ ‘ಸ್ವಯಂಚಾಲಿತ’ ಬೇಕೇ ಬೇಕು. ಓಡಾಟಕ್ಕೆ ಅದನ್ನೇ ಖರ್ಚು ಮಾಡಿಬಿಟ್ಟರೆ ಇಲ್ಲಿಗೆ ಏನು ಉಳಿಯಿತು?

ಎರಡನೆಯದು ಇನ್ನೂ ಕಷ್ಟ. ‘ಎಳೆಯುವ ಫಿರಂಗಿ’ ಅಂದರೆ ಎಳೆಯುವುದು ಯಾರು? ‘ಓದುವ ಹುಡುಗ’, ‘ಓದುವ ಪುಸ್ತಕ’ ಎರಡೂ ನಮ್ಮಲ್ಲಿ ಸರಿಯೇ. ಆದರೆ ಹುಡುಗ ಓದುತ್ತಾನೆ, ಪುಸ್ತಕ ಓದಿಸಿಕೊಳ್ಳುತ್ತದೆ. ಫಿರಂಗಿ ಲಾರಿಯನ್ನು ಎಳೆಯುತ್ತಿದೆ ಅಂತ ಯಾರೂ ತಿಳಿಯಲಿಕ್ಕಿಲ್ಲ, ಆದರೂ ಓದುವಾಗ ಒಂದು ಕ್ಷಣ ತಡೆಯುತ್ತದೆ. ಚಿಕ್ಕದಾಗಿರಲಿ ಅಂತ ‘ಎಳೆತೋಪು’ ಬರೆದು ನೋಡಿದೆ. ಗೆಳೆಯರೊಬ್ಬರು ಅದನ್ನು ಎಳೆಯ ಮರಗಳ ತೋಪು ಅಂತ ಓದಿಕೊಂಡರು! ಹಾಗಾಗಿ ‘ತಳ್ಳುಗಾಡಿ’ಯ ಹಾದಿಯಲ್ಲೇ ‘ಎಳೆಫಿರಂಗಿ’ ಅನ್ನೋಣ ಅನ್ನಿಸಿದೆ. ತಳ್ಳುಗಾಡಿ ತಾನೇ ಯಾರನ್ನೂ ತಳ್ಳುವುದಿಲ್ಲವಲ್ಲ.

‘ಹಳೇ ಮಾದರಿ’, ‘ಹೊಸ ಮಾದರಿ’ ಅಂತ ಮಾತ್ರ ದಯವಿಟ್ಟು ಬೇಡ. ಈಗಿನ ರಾಡಾರು ಹಾರುತ್ತಿರುವ ಗುಂಡಿನ ದಾರಿ ಹಿಡಿದು ಅದು ಎಲ್ಲಿಂದ ಹೊರಟಿತು ಅಂತ ಲೆಕ್ಕ ಹಾಕುತ್ತದೆ. ಸ್ವಲ್ಪ ಹೊತ್ತಿನಲ್ಲೇ ಆ ಜಾಗಕ್ಕೆ ಗುಂಡು ಬೀಳಬಹುದು. ಗಾಡಿಯ ಮೇಲಿರುವ ಫಿರಂಗಿ ಹೊಡೆದ ಕೂಡಲೇ ಜಾಗ ಬಿಡುತ್ತದೆ. ಎಳೆಯುವಂಥದ್ದು ಹೊರಡಬೇಕಾದರೆ ನೆಲಕ್ಕೆ ಊರಿದ ಕಾಲುಗಳನ್ನು ಎತ್ತಿ, ಮಡಚಿ, ಲಾರಿಗೆ ಕೊಕ್ಕೆ ಹಾಕಬೇಕು. ಅಷ್ಟು ಹೊತ್ತೂ ಅದರ ಜನ ಬಯಲಲ್ಲೇ. ಆದರೆ ಎಳೆಯುವ ಫಿರಂಗಿಯಾದ ಎಂ777 ತೂಗುವುದು ಸುಮಾರು 4,200 ಕಿಲೋ. ಹೆಲಿಕಾಪ್ಟರಿಗೆ ನೇತುಹಾಕಿ ಬೆಟ್ಟದ ನೆತ್ತಿಗೆ ಒಯ್ಯಬಹುದು. ಸುಮಾರು 47 ಟನ್ನಿನ ಕೆ9 ಅನ್ನು ಹಾಗೆ ಎತ್ತಲಾಗದು. ಎರಡಕ್ಕೂ ಇವತ್ತಿಗೂ ಅದರದರ ಕೆಲಸ ಇದೆ.

‘ತಾನೇ ಚಲಿಸುವ ಫಿರಂಗಿ’ ಅನ್ನಬಹುದಲ್ವಾ ಅಂದರೆ, ಬೊಫೋರ್ಸ್ ಎಫ್‌ಎಚ್‌77 ಅಡ್ಡ ಬರುತ್ತದೆ. ಅದು ಎಳೆಯುವ ಫಿರಂಗಿಯೇ. ಆದರೂ ಅದಕ್ಕೊಂದು ಪುಟ್ಟ ಎಂಜಿನ್ ಇದೆ. ಸ್ವಲ್ಪ ದೂರ ತಾನೇ ಸರಿದು ಜಾಗ ಹಿಡಿಯುತ್ತದೆ. ದೂರದ ದಾರಿಗೆ ಮಾತ್ರ ಲಾರಿ ಬೇಕು. ಹಾಗಾದರೆ ವ್ಯತ್ಯಾಸ ಎಂಜಿನ್ನಿನಲ್ಲಿಲ್ಲ, ಫಿರಂಗಿಯೇ ಒಂದು ಗಾಡಿಯೋ ಅಲ್ಲವೋ ಅನ್ನುವುದರಲ್ಲಿದೆ. ಅದಕ್ಕೇ ‘ಗಾಡಿಫಿರಂಗಿ’ ಅಂತ ಯೋಚಿಸಿದ್ದೇನೆ. ಚೈನಿನ ಕೆ9, ಲಾರಿಯ ಮೇಲೆ ಕೂರಿಸಿದ ಫ್ರಾನ್ಸಿನ ಸೀಸರ್ ಎರಡೂ ಇದರಲ್ಲಿ ಬರುತ್ತವೆ. ಬೊಫೋರ್ಸ್ ಹೊರಗೆ ಉಳಿಯುತ್ತದೆ.

ಒಂದೇ ಅಳುಕು. ‘ಫಿರಂಗಿ ಗಾಡಿ’ ಅಂದರೆ ಫಿರಂಗಿಯನ್ನು ಕೂರಿಸುವ ಗಾಲಿಯ ಚೌಕಟ್ಟು. ಸರ್ಕಾರಿ ಗೌರವದ ಅಂತ್ಯಯಾತ್ರೆಯಲ್ಲಿ ಪಾರ್ಥಿವ ಶರೀರ ಒಯ್ಯುವುದೂ ಅದರಲ್ಲೇ. ಪದಗಳನ್ನು ಹಿಂದುಮುಂದು ಮಾಡಿದರೆ ಗೊಂದಲ ಆಗುತ್ತದೆಯೇ? ಫಿರಂಗಿ ದಳದಲ್ಲಿ ಇದ್ದವರು ಮನೆಯಲ್ಲಿ ಕನ್ನಡದಲ್ಲಿ ಮಾತಾಡುವಾಗ ಇವೆರಡನ್ನೂ ಏನೆಂದು ಕರೆಯುತ್ತೀರಿ?